ಹಳದಿ ಮಾತ್ರೆಯ ಲೆಕ್ಕ

ಮೆಡಿಕಲ್ ಶಾಪ್ ಕೌಂಟರಿನಲ್ಲಿ ನಿಲ್ಲುವವರಿಗೆ ಡಿ.ಫಾರ್ಮಾದಲ್ಲಿ ಓದಿದ್ದಕ್ಕಿಂತ ಜಾಸ್ತಿ ಕೈ ಹಿಡಿಯುವುದು ಕೂಡಿಸಿ ಕಳೆಯುವ ಲೆಕ್ಕ. ಬಿಪಿ ಮಾತ್ರೆಯವರು ತಿಂಗಳು ಕಳೆದರೂ ಬರಲಿಲ್ಲ ಅಂದರೆ ಮಾತ್ರೆ ಬಿಟ್ಟಿದ್ದಾರೆ. ನಿದ್ದೆ ಮಾತ್ರೆಯವರು ತಿಂಗಳಿಗೆ ಮುಂಚೆಯೇ ಬಂದರೆ ಒಂದರ ಜಾಗದಲ್ಲಿ ಎರಡು ನುಂಗುತ್ತಿದ್ದಾರೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಖಾಲಿ ಶೀಟೇ ಹೇಳುತ್ತದೆ.

ನಮ್ಮದು ಅರಸೀಕೆರೆ ಕಡೆಯ ಸಣ್ಣ ಅಂಗಡಿ. ಆವತ್ತು ಮಧ್ಯಾಹ್ನ ಊಟದ ಹೊತ್ತು, ಗಿರಾಕಿಗಳು ಕಡಿಮೆ. ನಲವತ್ತರ ಆಸುಪಾಸಿನ ಒಬ್ಬರು ಬೈಕ್ ನಿಲ್ಲಿಸಿ ಬಂದರು. ತೆಂಗಿನ ತೋಟದವರು, ಮುಖಪರಿಚಯ ಇತ್ತು. "ಮೇಡಂ, ಬಾಯಿಹುಣ್ಣಿಗೆ ಹಚ್ಚೋ ಜೆಲ್ ಕೊಡಿ, ಜೊತೆಗೆ ಒಂದು ಶೀಟ್ ಬಿ ಕಾಂಪ್ಲೆಕ್ಸ್. ಅಮ್ಮಂಗೆ ಮೂರು ದಿನದಿಂದ ಊಟ ಸೇರ್ತಿಲ್ಲ. ಉಷ್ಣ ಆಗಿದೆ" ಎಂದರು. ಎಳನೀರು, ಮಜ್ಜಿಗೆ ಎಲ್ಲ ಆಗಿತ್ತಂತೆ. ಜೆಲ್ ತೆಗೆದು ಕೌಂಟರ್ ಮೇಲಿಟ್ಟೆ. ಅವರು ಜೇಬಿನಿಂದ ಒಂದು ಕವರ್ ತೆಗೆದರು. "ಇದೂ ಒಂದು ಶೀಟ್ ಕೊಟ್ಟುಬಿಡಿ, ನಾಳೆಗೆ ಮುಗಿಯುತ್ತೆ."

ಕವರಿನಲ್ಲಿದ್ದದ್ದು ಮೆಥೊಟ್ರೆಕ್ಸೇಟ್. 10 ಮಿಲಿಗ್ರಾಂ, ಹತ್ತು ಮಾತ್ರೆಯ ಶೀಟು. ಉಳಿದಿದ್ದು ಒಂದೇ.

"ಇದು ಯಾವಾಗ ತಂದಿದ್ದಣ್ಣಾ?"

"ಹೋದ ವಾರ, ಬೆಂಗಳೂರಲ್ಲಿ. ಡಾಕ್ಟರ್ ಹತ್ರ ಹೋಗಿದ್ವಲ್ಲ, ಅಲ್ಲೇ ಹತ್ತಿರದ ಅಂಗಡೀಲಿ ತಗೊಂಡ್ವಿ."

"ದಿನಾ ಕೊಡ್ತಿದೀರಾ?"

"ಹೂಂ. ರಾತ್ರಿ ಊಟ ಆದ್ಮೇಲೆ, ತಪ್ಪದಂಗೆ."

ಎದೆ ಧಸಕ್ಕೆಂದಿತು. ರುಮಟಾಯ್ಡ್ ಆರ್ಥ್ರೈಟಿಸ್‌ಗೆ, ಅಂದರೆ ಕೀಲು ಊದುವ ಸಂಧಿವಾತಕ್ಕೆ, ಈ ಮಾತ್ರೆ ಕೊಡುವುದು ವಾರಕ್ಕೆ ಒಂದೇ ಸಲ. ವಾರಕ್ಕೊಂದು ಮಾತ್ರೆಯ ಲೆಕ್ಕದಲ್ಲಿ ಹತ್ತರ ಶೀಟು ಎರಡು ತಿಂಗಳ ಮೇಲೆ ಬರಬೇಕು. ಇವರ ಮನೆಯಲ್ಲಿ ಹತ್ತು ದಿನಕ್ಕೆ ಮುಗಿಯುತ್ತಿದೆ.

ಚೀಟಿ ಕೇಳಿದೆ. ಮೊಬೈಲಿನಲ್ಲಿ ಫೋಟೊ ಇತ್ತು. ಡಾಕ್ಟರ್ ಸರಿಯಾಗಿಯೇ ಬರೆದಿದ್ದರು. ಮೆಥೊಟ್ರೆಕ್ಸೇಟ್ ಬುಧವಾರ ಮಾತ್ರ, ಫೋಲಿಕ್ ಆಸಿಡ್ 5 ಮಿಲಿಗ್ರಾಂ ಬುಧವಾರ ಬಿಟ್ಟು ಉಳಿದ ದಿನ. ಎಡವಟ್ಟು ಆಗಿದ್ದು ಆ ಅಂಗಡಿಯ ಕಾಗದದ ಕವರುಗಳಲ್ಲಿ. ಎರಡೂ ಹಳದಿ ಬಣ್ಣದ ಪುಟ್ಟ ಮಾತ್ರೆಗಳು. ಪೆನ್ನಿನಲ್ಲಿ 0-0-1, ಅಂದರೆ ದಿನಾ ರಾತ್ರಿ ಒಂದು, ಎಂದು ಬರೆದ ಕವರಿಗೆ ಮೆಥೊಟ್ರೆಕ್ಸೇಟ್ ಹೋಗಿದೆ. 'ಬುಧವಾರ 1' ಎಂದು ಬರೆದ ಕವರಿಗೆ ಫೋಲಿಕ್ ಆಸಿಡ್ ಹೋಗಿದೆ. ಈ ಮನುಷ್ಯ ಕವರ್ ಮೇಲೆ ಇದ್ದಂತೆ ಅಕ್ಷರ ತಪ್ಪದೆ ನಡೆದುಕೊಂಡಿದ್ದರು. ಅವರನ್ನು ಏನಂತ ದೂರುವುದು?

ಜೆಲ್ ವಾಪಸ್ ಒಳಗಿಟ್ಟೆ. "ಅಣ್ಣಾ, ಇದು ಉಷ್ಣ ಅಲ್ಲ. ಅಮ್ಮಂಗೆ ಜ್ವರ ಇದೆಯಾ? ಮೈಮೇಲೆ ಎಲ್ಲಾದ್ರೂ ನೀಲಿಗಟ್ಟಿದೆಯಾ?" ಮೈ ಸ್ವಲ್ಪ ಬೆಚ್ಚಗಿದೆ, ಮೊಣಕೈ ಹತ್ತಿರ ನೀಲಿ ಕಲೆ ಇದೆ, ಬಾಗಿಲಿಗೆ ತಾಗಿರಬೇಕು ಅಂದುಕೊಂಡಿದ್ವಿ ಎಂದರು. ಚೀಟಿಯಲ್ಲಿದ್ದ ನಂಬರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಡಾಕ್ಟರ್ ಲೈನಿಗೆ ಬರಲು ಸ್ವಲ್ಪ ಹೊತ್ತಾಯಿತು. ಬಂದಮೇಲೆ ಅವರು ಹೇಳಿದ್ದು ಎರಡೇ ಮಾತು: ಮಾತ್ರೆ ಈಗಲೇ ನಿಲ್ಲಿಸಿ, ರಕ್ತ ಪರೀಕ್ಷೆ ಮಾಡಿ ಅಡ್ಮಿಟ್ ಮಾಡುವಂಥ ಆಸ್ಪತ್ರೆಗೆ ಈಗಲೇ ಹೊರಡಿಸಿ. ಮಾತ್ರೆ ಯಾವುದು, ಎಷ್ಟು ದಿನ ಹೋಗಿದೆ, ಕೊನೆಯದು ಯಾವಾಗ ಅಂತ ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಟ್ಟೆ. ಸಂಜೆಯೊಳಗೆ ಕಾರು ಮಾಡಿಕೊಂಡು ಹಾಸನಕ್ಕೆ ಹೋದರು.

ಅಲ್ಲಿ ನೋಡಿದರೆ ಬಿಳಿ ರಕ್ತಕಣ ಇಳಿದಿತ್ತು, ಪ್ಲೇಟ್ಲೆಟ್ಟೂ ಇಳಿದಿತ್ತು. ಮೆಥೊಟ್ರೆಕ್ಸೇಟ್ ಮಾಡುವ ಕೆಲಸವೇ ಅದು. ಜೀವಕೋಶ ಬೆಳೆದು ಎರಡಾಗಲು ಫೋಲೇಟ್ ಎಂಬ ವಿಟಮಿನ್ ಬೇಕು (ಫೋಲಿಕ್ ಆಸಿಡ್ ಅದರದೇ ಒಂದು ರೂಪ), ಈ ಔಷಧಿ ಅದಕ್ಕೆ ಅಡ್ಡ ನಿಲ್ಲುತ್ತದೆ. ವಾರಕ್ಕೊಮ್ಮೆ ತಗೊಂಡರೆ ಕೀಲಿನ ಊತ ತಗ್ಗುತ್ತದೆ. ದಿನಾ ತಗೊಂಡರೆ ಕೋಶಗಳು ಬೇಗ ಬೇಗ ಹುಟ್ಟುವ ಜಾಗಗಳು ಮೊದಲು ಸೋಲುತ್ತವೆ. ಬಾಯಿಯ ಒಳಪದರ, ಕರುಳು, ರಕ್ತ ತಯಾರಾಗುವ ಅಸ್ಥಿಮಜ್ಜೆ. ಇದೇ ತಪ್ಪಿನಿಂದ ಜೀವ ಹೋದದ್ದೂ ಉಂಟು. ಈ ಹಂತದಲ್ಲಿ ಮಾಮೂಲಿ ಫೋಲಿಕ್ ಆಸಿಡ್ ಮಾತ್ರೆ ಸಾಲುವುದಿಲ್ಲ. ಲ್ಯೂಕೊವೊರಿನ್ ಎಂಬ ಫೋಲಿನಿಕ್ ಆಸಿಡ್ ಇಂಜೆಕ್ಷನ್ ಬೇಕು, ಅದು ಮುಚ್ಚಿದ ದಾರಿಯನ್ನು ಬಿಟ್ಟು ಸುತ್ತಿಕೊಂಡು ಹೋಗಿ ಕೋಶಕ್ಕೆ ಫೋಲೇಟ್ ಮುಟ್ಟಿಸುತ್ತದೆ. ಅಮ್ಮನಿಗೆ ಅದನ್ನೇ ಕೊಟ್ಟರು. ಮನೆಗೆ ಬರಲು ಸಮಯ ಹಿಡಿಯಿತು, ಆದರೆ ಬಂದರು.

ಅವರನ್ನು ನಾನು ಕಣ್ಣಾರೆ ನೋಡಿದ್ದು ಇನ್ನೂ ಸ್ವಲ್ಪ ದಿನ ಕಳೆದಮೇಲೆ. ಮಗನ ಬೈಕಿನಿಂದ ನಿಧಾನಕ್ಕೆ ಇಳಿದು ಬಂದು ಸ್ಟೂಲಿನಲ್ಲಿ ಕೂತರು. ಕೈಯಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬ. "ನೀನೇನಮ್ಮಾ ಫೋನ್ ಮಾಡಿದ್ದು? ನೋಡು, ಆ ವಿಷದ ಮಾತ್ರೇನ ಮತ್ತೆ ಬರೆದವ್ರೆ. ಕ್ಯಾನ್ಸರಿಗೆ ಕೊಡೋದಂತೆ ಅದು. ನಂಗ್ಯಾಕೆ?"

ಸುಳ್ಳಲ್ಲ. ಈ ಔಷಧಿಯ ಹುಟ್ಟು ಕ್ಯಾನ್ಸರಿನಲ್ಲೇ. ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಲೆಡರ್ಲೆ ಎಂಬ ಔಷಧಿ ಕಂಪನಿಯಲ್ಲಿ ಇದರ ಅಣ್ಣನಂಥ ಅಮಿನೊಪ್ಟೆರಿನ್ ತಯಾರಿಸಿತು. ಸಿಡ್ನಿ ಫಾರ್ಬರ್ ಎಂಬ ಡಾಕ್ಟರ್ ಅದನ್ನು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟು, ಸ್ವಲ್ಪ ಕಾಲವಾದರೂ ರೋಗ ಹಿಮ್ಮೆಟ್ಟುತ್ತದೆ ಎಂದು 1948ರಲ್ಲಿ ತೋರಿಸಿದರು. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಕೊಡಬಹುದೆಂದು ಅಮೆರಿಕದಲ್ಲಿ ಮಂಜೂರಾದದ್ದು 1988ರಲ್ಲಿ. ಕ್ಯಾನ್ಸರಿಗೆ ನೂರಾರು, ಕೆಲವು ಸಲ ಸಾವಿರಾರು ಮಿಲಿಗ್ರಾಂ ಹೋಗುತ್ತದೆ. ಕೀಲಿಗೆ ವಾರಕ್ಕೆ ಸಾಮಾನ್ಯವಾಗಿ 7.5ರಿಂದ 25. ಇಷ್ಟನ್ನೆಲ್ಲ ಅಮ್ಮನಿಗೆ ಹೇಳಲಿಲ್ಲ. "ಮೆಣಸಿನಕಾಯಿ ಸಾರಿಗೆ ಎರಡು ಹಾಕಿದ್ರೆ ರುಚಿ, ಹಿಡಿ ಹಾಕಿದ್ರೆ?" ಎಂದು ಕೇಳಿದೆ. ನಕ್ಕರು.

ನಗುವಾಗ ಕೈ ನೋಡಿದೆ. ಬೆರಳಿನ ಬುಡದ ಗೆಣ್ಣುಗಳು ಊದಿ ಹೊಳೆಯುತ್ತಿದ್ದವು. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲು ಗಂಟೆ ಮೇಲೆ ಬೇಕಂತೆ. ಮುದ್ದೆ ಕಟ್ಟುವುದು ಬಿಟ್ಟು ವರ್ಷವಾಯಿತಂತೆ, ಈಗ ಸೊಸೆ ಕಟ್ಟುತ್ತಾಳೆ, "ಅವಳದ್ದು ಗಂಟು ಗಂಟು" ಎಂದು ದೂರು ಬೇರೆ. ಔಷಧಿ ಬಿಟ್ಟರೆ ಈ ಗೆಣ್ಣುಗಳು ಸುಮ್ನೆ ಇರುವುದಿಲ್ಲ. ಒಳಗೊಳಗೇ ಮೂಳೆ ತಿಂದು ಬೆರಳು ಸೊಟ್ಟಗಾಗುತ್ತದೆ, ಆಮೇಲೆ ಯಾವ ಮಾತ್ರೆಯೂ ಅದನ್ನು ನೆಟ್ಟಗೆ ಮಾಡುವುದಿಲ್ಲ. ಡಾಕ್ಟರ್ ಕಡಿಮೆ ಪ್ರಮಾಣದಿಂದ ಮತ್ತೆ ಶುರು ಮಾಡಿದ್ದು ಅದಕ್ಕೇ. ಗುಣ ಗೊತ್ತಾಗಲು ಒಂದೂವರೆಯಿಂದ ಮೂರು ತಿಂಗಳು ಬೇಕು. ಈ ಕಾಯುವ ಕಾಲದಲ್ಲೇ ಜನ ದಾರಿ ತಪ್ಪುವುದು.

ಡಬ್ಬ ತೆರೆದರೆ ಅದು ಕಣ್ಣಿಗೆ ಕಂಡಿತು. ಒಂದೊಂದಾಗಿ ಕೌಂಟರ್ ಮೇಲೆ ಸುರಿದೆವು. ಮೊದಲು ಸಿಕ್ಕಿದ್ದು ಪ್ರೆಡ್ನಿಸೊಲೋನ್ 5 ಮಿಲಿಗ್ರಾಂ. "ಇದೇ ನೋಡು ದೇವ್ರಂಥ ಮಾತ್ರೆ. ನೋವು ಜಾಸ್ತಿ ಆದ್ರೆ ಎರಡು ತಗೋತೀನಿ." ಸ್ಟೀರಾಯ್ಡ್. ಬೇಗ ಆರಾಮ ಕೊಡುತ್ತದೆ, ಸಕ್ಕರೆ ಏರಿಸುತ್ತದೆ, ಮೂಳೆ ಸವೆಸುತ್ತದೆ, ಕಣ್ಣಿನ ಪೊರೆ ತರುತ್ತದೆ. ಹಾಗಂತ ಬಹಳ ದಿನ ತಗೊಂಡವರು ಥಟ್ಟನೆ ನಿಲ್ಲಿಸುವಂತೆಯೂ ಇಲ್ಲ. ಮೈ ತಾನೇ ಮಾಡಿಕೊಳ್ಳುತ್ತಿದ್ದ ಸ್ಟೀರಾಯ್ಡನ್ನು ನಿಲ್ಲಿಸಿರುತ್ತದೆ, ಬಿಪಿ ಬಿದ್ದು ಪ್ರಾಣಕ್ಕೇ ಬರಬಹುದು. ಡಾಕ್ಟರ್ ಹೇಳಿದ ಹಾಗೆ ಮೆಲ್ಲಗೆ ಇಳಿಸಬೇಕು.

ಅದರ ಕೆಳಗೆ ಡೈಕ್ಲೋಫೆನಾಕ್. ಬೆಂಗಳೂರಿನ ಡಾಕ್ಟರಿಗೆ ಇದು ಗೊತ್ತೇ ಇಲ್ಲ, ಅಮ್ಮ ಹೇಳಿರಲಿಲ್ಲ. ಮೆಥೊಟ್ರೆಕ್ಸೇಟ್ ಹೊರಗೆ ಹೋಗುವುದು ಮುಖ್ಯವಾಗಿ ಕಿಡ್ನಿಯಿಂದ. ಈ ನೋವಿನ ಮಾತ್ರೆ ಕಿಡ್ನಿಗೆ ಭಾರ, ಹೊಟ್ಟೆಗೂ ಭಾರ. ಎರಡನ್ನೂ ಡಾಕ್ಟರೇ ಒಟ್ಟಿಗೆ ಬರೆಯುವುದುಂಟು, ಆದರೆ ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ನೋಡಿಕೊಂಡು. ಉರಿಮೂತ್ರಕ್ಕೆ ಕೊಡುವ ಕೋಟ್ರೈಮೊಕ್ಸಜೋಲ್ ಮಾತ್ರ ಇದರ ಜೊತೆ ಸೇರಲೇಬಾರದು. ಅದೂ ಫೋಲೇಟಿಗೇ ಅಡ್ಡ ಬರುತ್ತದೆ. ಅದನ್ನು ಮಗನಿಗೆ ಕನ್ನಡದಲ್ಲಿ ಬರೆದುಕೊಟ್ಟೆ. ಜ್ವರ, ಕೆಮ್ಮು ಜೋರಾದರೆ ಆ ವಾರದ ಮಾತ್ರೆ ನುಂಗುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ ಅಂತಲೂ ಬರೆದೆ.

ಇದೇ ಕೀಲಿನ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ 200 ಕೂಡ ಇತ್ತು. ಅದನ್ನು ನೋಡಿದರೆ ನನಗೆ 2020ರ ಮಾರ್ಚ್ ನೆನಪಾಗುತ್ತದೆ. ಕೊರೋನಾಕ್ಕೆ ಇದೇ ಮದ್ದು ಅಂತ ಸುದ್ದಿ ಹಬ್ಬಿ, ಕೀಲುನೋವೇ ಇಲ್ಲದವರು ಬಂದು ಡಬ್ಬಗಟ್ಟಲೆ ಕೇಳಿದ್ದರು. ಸರ್ಕಾರ ಆ ತಿಂಗಳ ಕೊನೆಗೆ ಚೀಟಿ ಇಲ್ಲದೆ ಕೊಡುವಂತಿಲ್ಲ ಅಂತ ಬಿಗಿ ಮಾಡಿತು. ಅಷ್ಟರಲ್ಲಿ ವರ್ಷಗಟ್ಟಲೆ ತಗೊಳ್ಳುತ್ತಿದ್ದವರಿಗೇ ಸ್ಟಾಕ್ ಇಲ್ಲ. ಈ ಮಾತ್ರೆ ಇದ್ದುದರಲ್ಲಿ ಸಾಧು. ಕಣ್ಣು ಮಾತ್ರ ನೋಡಿಕೊಳ್ಳಬೇಕು. ಶುರುವಿನಲ್ಲಿ ಒಂದು ಸಲ ಕಣ್ಣಿನ ಡಾಕ್ಟರಿಗೆ ತೋರಿಸಿ, ಐದು ವರ್ಷ ಆದಮೇಲೆ ವರ್ಷ ವರ್ಷವೂ ತೋರಿಸಬೇಕು.

ಡಬ್ಬದ ತಳದಲ್ಲಿ ಒಂದು ಪ್ಲಾಸ್ಟಿಕ್ ಪೊಟ್ಟಣ, ಕಂದು ಪುಡಿ. ಹೆಸರಿಲ್ಲ, ತಾರೀಖಿಲ್ಲ. ಯಾರೋ ಹೇಳಿದರಂತೆ, ದೂರದ ಊರಿಂದ ತರಿಸಿದ್ದಂತೆ. "ತಗೊಂಡ ಮಾರನೇ ದಿನಾನೇ ಓಡಾಡ್ದೆ." ಅದೇ ನನಗೆ ಅನುಮಾನ. ಬೇರಿನ ಪುಡಿ ಒಂದೇ ರಾತ್ರಿಯಲ್ಲಿ ಊತ ಇಳಿಸುವುದನ್ನು ನಾನು ಕಂಡಿಲ್ಲ. ಇಂಥ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ಎಷ್ಟೋ ಸಲ. ಚೀಟಿಯ ಸ್ಟೀರಾಯ್ಡ್ ಒಂದು ಕಡೆ, ಪುಡಿಯದ್ದು ಇನ್ನೊಂದು ಕಡೆ ಆದರೆ ಎಷ್ಟು ಹೋಗುತ್ತಿದೆ ಅಂತ ಯಾರಿಗೆ ಗೊತ್ತು? ಎಸೆಯಿರಿ ಎನ್ನಲಿಲ್ಲ. ಡಾಕ್ಟರಿಗೆ ತೋರಿಸಿ ಎಂದೆ. ಅಮ್ಮನಿಗೆ ಮುಖ ಸಣ್ಣದಾಯಿತು. ಏಕೆಂದರೆ ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ದುಡ್ಡು ಕೊಟ್ಟಿದ್ದರು.

ಹೊಸ ಚೀಟಿಯಲ್ಲಿ ರಕ್ತ ಪರೀಕ್ಷೆಗಳೂ ಇದ್ದವು. ರಕ್ತಕಣ, ಲಿವರ್, ಕಿಡ್ನಿ. ಮೊದಮೊದಲು ಎರಡು ನಾಲ್ಕು ವಾರಕ್ಕೊಮ್ಮೆ, ಎಲ್ಲ ಸರಿ ಇದ್ದರೆ ಎರಡು ಮೂರು ತಿಂಗಳಿಗೊಮ್ಮೆ. "ಮೈ ಚೆನ್ನಾಗಿದ್ರೂ ಮಾಡಿಸ್ಬೇಕಾ?" ಎಂದು ಮಗ ಕೇಳಿದರು. ಚೆನ್ನಾಗಿರುವಾಗಲೇ ಮಾಡಿಸಬೇಕು, ರಿಪೋರ್ಟಿನಲ್ಲಿ ಮೊದಲು ಕಾಣುತ್ತದೆ, ಬಾಯಲ್ಲಿ ಆಮೇಲೆ.

ದಿನವನ್ನೂ ಬದಲಾಯಿಸಿಕೊಂಡರು. ಬುಧವಾರ ಮಗ ತೋಟದಲ್ಲಿ ಇರುತ್ತಾರೆ, ಭಾನುವಾರ ಮನೆಯಲ್ಲೇ ಸಿಗುತ್ತಾರೆ. ಡಾಕ್ಟರನ್ನು ಫೋನಿನಲ್ಲಿ ಕೇಳಿ ಭಾನುವಾರವೆಂದೇ ಆಯಿತು.

ಆಮೇಲೆ ಈ ಮಾತ್ರೆಯನ್ನು ಪೂರ್ತಿ ಶೀಟ್ ಕೊಡುವುದನ್ನು ನಾನು ನಿಲ್ಲಿಸಿದೆ. ಹೆಸರು, ತಾರೀಖು ಉಳಿಯುವ ಹಾಗೆ ನೋಡಿ ನಾಲ್ಕು ಮಾತ್ರೆ ಕತ್ತರಿಸುತ್ತೇನೆ. ಹಿಂಬದಿಗೆ ಮಾರ್ಕರಿನಲ್ಲಿ ವಾರದ ಹೆಸರು ಕನ್ನಡದಲ್ಲಿ ಬರೆಯುತ್ತೇನೆ, 0-0-1 ಬರೆಯುವುದೇ ಇಲ್ಲ. ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ ಬರೆದಿದ್ದರೆ ಬಸುರಿಯಾಗುವ ಯೋಚನೆ ಇದೆಯಾ ಅಂತ ಕೇಳಿಯೇ ಕೊಡುತ್ತೇನೆ. ಬಸುರಿಯರಿಗೆ ಇದು ಕೂಡದು, ಮಗುವಿಗೆ ಅಪಾಯ. ಕೆಲವರು ಮುಖ ತಿರುಗಿಸುತ್ತಾರೆ, ತಿರುಗಿಸಲಿ.

ನಾಲ್ಕು ಮಾತ್ರೆ ವಿಷಯಕ್ಕೂ ಗೊಣಗಾಟ ಇದ್ದೇ ಇದೆ. ಮೊನ್ನೆ ಆ ಅಮ್ಮನೇ ಕೇಳಿದರು, "ಅಲ್ಲಮ್ಮಾ, ತಿಂಗಳಲ್ಲಿ ಐದು ಭಾನುವಾರ ಬಂದ್ರೆ ಏನ್ಮಾಡ್ಲಿ?"

"ಐದನೇದಕ್ಕೆ ಮಗನ್ನ ಕಳಿಸಿ" ಎಂದೆ.