ಕಾರಿಲ್ಲದೆ ಮಡಿಕೇರಿ
ಕೊಡಗಿಗೆ ರೈಲಿಲ್ಲ. ಮೈಸೂರಲ್ಲಿ ಇಳಿದು ಹುಣಸೂರು, ಕುಶಾಲನಗರದ ಮೇಲೆ ಬರುವ ಕೆಂಪು ಬಸ್ಸು ಹಿಡಿಯಿರಿ. ಸುಮಾರು 120 ಕಿ.ಮೀ. ಕುಶಾಲನಗರ ದಾಟಿದ ಮೇಲೆ ತಿರುವುಗಳು ಶುರು. ವಾಂತಿ ಬರುವವರು ಮುಂದಿನ ಸೀಟು ಹಿಡಿಯಲಿ, ಹೊಟ್ಟೆ ತುಂಬ ತಿಂದು ಹತ್ತಬೇಡಿ.

ಪೇಟೆಯೊಳಗೆ ಕಾಲೇ ಸಾಕು. ಕೋಟೆ, ಸೂರ್ಯಾಸ್ತ ನೋಡುವ ತೋಟ ರಾಜಾಸೀಟು, 1820ರ ಓಂಕಾರೇಶ್ವರ ದೇವಸ್ಥಾನ ಹತ್ತಿರಹತ್ತಿರವೇ ಇವೆ. ದೇವಸ್ಥಾನ ತಗ್ಗಿನಲ್ಲಿದೆ, ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಬೆಳಿಗ್ಗೆ ಅಲ್ಲಿಗೆ ಹೋಗಿ, ಸಂಜೆಗೆ ರಾಜಾಸೀಟು ಇಟ್ಟುಕೊಳ್ಳಿ. ಕೊಡಗಿನ ರಾಜರ ಸಮಾಧಿಗಳಿರುವ ಗದ್ದಿಗೆಗೆ ಏರು ಜಾಸ್ತಿ, ಆಟೋ ವಾಸಿ. ಅಬ್ಬಿ ಜಲಪಾತಕ್ಕೆ ಹೋಗಿಬರುವ ಬಾಡಿಗೆ, ಕಾಯುವ ಹೊತ್ತು ಎರಡನ್ನೂ ಮೊದಲೇ ಮಾತಾಡಿ. ಅಲ್ಲಿ ಆಟೋ ಬಿಟ್ಟುಕೊಟ್ಟರೆ ವಾಪಸಿಗೆ ಪರದಾಟ.

ಮಳೆಗಾಲದಲ್ಲಿ ಕೊಡೆ ಗಾಳಿಗೆ ಮಗುಚುತ್ತದೆ, ರೈನ್‌ಕೋಟೇ ಸರಿ. ತಲಕಾವೇರಿಗೆ ಹೊರಟರೆ ಭಾಗಮಂಡಲದಿಂದ ವಾಪಸು ಬರುವ ಕೊನೆಯ ಬಸ್ಸು ಎಷ್ಟಕ್ಕೆಂದು ಇಳಿದ ಕೂಡಲೇ ಕಂಡಕ್ಟರನ್ನು ಕೇಳಿ.