ಸತ್ತ ರಾಬಿನ್ ಎದ್ದಿದ್ದು ಹ್ಯಾಂಗ?

ಈ ಕಲಬುರಗಿ ಬಿಸಲಾಗ ಹೊರಗ ಬೀಳೂ ಹಂಗಿಲ್ಲ, ಕೂಲರ್ ಮುಂದ ಕುಂತು 'ಬ್ಯಾಟ್‌ಮ್ಯಾನ್: ಅಂಡರ್ ದ ರೆಡ್ ಹುಡ್' ಮತ್ತ ನೋಡ್ದೆ, 2010ರ ಅನಿಮೇಷನ್ ಪಿಚ್ಚರ್. ಜೇಸನ್ ಟಾಡ್ ಅಂದ್ರ ಬ್ಯಾಟ್‌ಮ್ಯಾನ್‌ನ ಜೋಡಿದಾರ, ಎರಡನೇ ರಾಬಿನ್. ಜೋಕರ್ ಅನ್ನೂ ಖಳನಾಯಕನ ಕೈಯಾಗ ಸತ್ತ ಇಂವ ಕಾಮಿಕ್ಸ್‌ನಾಗ ಜೀವಂತ ಆಗೂದು ಹ್ಯಾಂಗ ಗೊತ್ತದ ಏನ್ರಿ? ಸೂಪರ್‌ಬಾಯ್ ಪ್ರೈಮ್ ಅನ್ನಾಂವ ಎಲ್ಲೋ ಬ್ಯಾರೆ ಲೋಕದಾಗ ಗ್ವಾಡಿಗಿ ಗುದ್ದತಾನ, ಆ ಗುದ್ದಿಗಿ ಇಲ್ಲಿ ಹೆಣ ಎದ್ದು ಕುಂಡ್ರತದ! ನಮ್ಮ ಕಾಕಾಗ ಹೇಳಿದ್ರ "ಏ ಹೋಗಲೇ" ಅಂದ. ಸತ್ತೋರನ್ನ ಎಬ್ಬಸೂ ಲಾಜರಸ್ ಹೊಂಡ ಕಾಮಿಕ್ಸ್‌ನಾಗೂ ಅದ, ಆದ್ರ ಅದು ಆಮ್ಯಾಲ, ರಾಸ್ ಅಲ್ ಗುಲ್ ಅನ್ನೂ ಖಳನಾಯಕನ ಮಗಳು ತಾಲಿಯಾ ಜೇಸನ್‌ನ ಅದ್ರಾಗ ತಳ್ಳತಾಳ.

ಪಿಚ್ಚರ್‌ನಾಗ ಗುದ್ದೂದೆಲ್ಲಾ ತೆಗದು ಹಾಕ್ಯಾರ. ರಾಸ್ ಅಲ್ ಗುಲ್‌ನೇ ಜೋಕರ್‌ಗ ರೊಕ್ಕ ಕೊಟ್ಟು ಕೆಲಸಕ್ಕ ಇಟಗೊಂಡಿರ್ತಾನ, ಹುಡುಗ ಸತ್ತ ಪಾಪ ತನ್ನ ತಲೀ ಮ್ಯಾಲ ಬಂತಂತ ಅವನೇ ಹೊಂಡದಾಗ ಮುಳಗಸ್ತಾನ, ಅಂದ್ರ ಕಾರಣ ಕತೀ ಒಳಗೇ ಸಿಗ್ತದ, ಎಲ್ಲಿಂದೋ ತಂದು ಹಚ್ಚಿದಂಗ ಅನಸಂಗಿಲ್ಲ. ಮಜಾ ಏನಂದ್ರ ಆ ಕಾಮಿಕ್ಸ್ ಬರದಾಂವನೂ ಪಿಚ್ಚರ್ ಬರದಾಂವನೂ ಒಬ್ಬನೇ, ಜಡ್ ವಿನಿಕ್. ನನಗಂತೂ ಪಿಚ್ಚರ್‌ದೇ ಭಾಳ ಸೇರ್ತು.

ಆದ್ರ ಒಂದ್ ಮಾತು ಪಿಚ್ಚರ್‌ನಾಗ ಬರ್ಲಾಕ ಸಾಧ್ಯನೇ ಇಲ್ಲ. 1988ದಾಗ ಜೇಸನ್ ಉಳೀಬೇಕೋ ಸಾಯ್ಬೇಕೋ ಅಂತ ಓದೋರೇ ಫೋನ್ ಮಾಡಿ ಓಟ್ ಹಾಕಿದ್ರು. ಸಾಯ್ಲಿ 5,343, ಉಳೀಲಿ 5,271. ಬರೇ 72 ಓಟು, ಗ್ರಾಮ ಪಂಚಾಯ್ತಿ ಇಲೆಕ್ಷನ್ ಇದ್ದಂಗ! ಜೋಕರ್‌ಗ ಬೈಯೋರು ಮೊದ್ಲ ಈ ಲೆಕ್ಕ ನೋಡ್ರಿ.