ಸತ್ತ ತತ್ವವನ್ನು ಏಕೆ ಓದುತ್ತೀರಿ?

‘ತಾರ್ಕಿಕ ಅನುಭವವಾದ ಎಂದೋ ಸತ್ತುಹೋಯಿತಲ್ಲ, ಅದರ ಚರಿತ್ರೆಯನ್ನು ಇನ್ನೂ ಏಕೆ ಓದುತ್ತೀರಿ?’ ಈ ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರಿಸಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರ ಕೈಗೆ ಇದನ್ನೇ ಕೊಡುತ್ತೇನೆ. ಹೆಸರು ಕೇಳದವರಿಗೆ ಒಂದು ಮಾತು: ಅನುಭವದಿಂದ ಪರೀಕ್ಷಿಸಬಹುದಾದ, ಇಲ್ಲವೇ ತರ್ಕದ ಬಲದಿಂದಲೇ ನಿಲ್ಲುವ ಮಾತಿಗಷ್ಟೇ ಅರ್ಥವಿದೆ ಎಂದ ಪಂಥ ಇದು; 1920–30ರ ದಶಕಗಳಲ್ಲಿ ವಿಯೆನ್ನಾದ ತತ್ವಜ್ಞಾನಿಗಳ ಬಳಗವೊಂದು ಇದನ್ನು ಬೆಳೆಸಿತು.

ಕೇಳುವವರಲ್ಲಿ ಹೆಚ್ಚಿನವರಿಗೆ ಉತ್ತರ ಬೇಕಾಗಿರುವುದಿಲ್ಲ. ಪಠ್ಯಪುಸ್ತಕದಲ್ಲಿ ಕಲಿತ ಒಂದು ಖಂಡನೆಯನ್ನು ಒಪ್ಪಿಸಬೇಕಾಗಿರುತ್ತದೆ. ಮದುವೆಯೊಂದರ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತಿದ್ದ ನಿವೃತ್ತ ಅಧ್ಯಾಪಕರೊಬ್ಬರು, ‘ಪರೀಕ್ಷೆಗೆ ಒಳಪಡದ ಮಾತಿಗೆ ಅರ್ಥವಿಲ್ಲ ಅಂತ ತಾನೇ ಅವರು ಹೇಳಿದ್ದು? ಆ ಮಾತನ್ನೇ ಹೇಗಪ್ಪಾ ಪರೀಕ್ಷಿಸ್ತೀಯ? ಮುಗೀತಲ್ಲ!’ ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ನಾನು ಪೀಠಿಕೆ ಮುಗಿಸುವಷ್ಟರಲ್ಲಿ ಮಜ್ಜಿಗೆ ಬಂತು, ಪಂಕ್ತಿ ಎದ್ದಿತು.

ಅಂದು ಉಳಿದುಹೋದ ಉತ್ತರ ಇಷ್ಟು. ಆ ಬಳಗದ ರುಡಾಲ್ಫ್ ಕಾರ್ನಪ್‌ನ ದೃಷ್ಟಿಯಲ್ಲಿ ಅಂಥ ನಿಯಮವು ಜಗತ್ತಿನ ಕುರಿತ ಹೇಳಿಕೆಯಲ್ಲ, ವಿಜ್ಞಾನದ ಭಾಷೆಯನ್ನು ಹೇಗೆ ಕಟ್ಟಿಕೊಳ್ಳೋಣ ಎಂಬ ಸಲಹೆ. ಸಲಹೆಯನ್ನು ನಿಜವೋ ಸುಳ್ಳೋ ಎಂದು ಅಳೆಯುವುದಿಲ್ಲ, ಉಪಯೋಗಕ್ಕೆ ಬರುತ್ತದೆಯೋ ಇಲ್ಲವೋ ಎಂದು ನೋಡುತ್ತೇವೆ. ಮೇಲಾಗಿ, ಮಾತು ಪೂರ್ತಿಯಾಗಿ ಸಾಬೀತಾಗಲೇಬೇಕೆಂಬ ಹಟವನ್ನು 1936–37ರ ಲೇಖನದಲ್ಲಿ ಅವನೇ ಕೈಬಿಟ್ಟು, ಅನುಭವದಿಂದ ಹೆಚ್ಚೋ ಕಡಿಮೆಯೋ ಪುಷ್ಟಿ ದೊರೆತರೆ ಸಾಕೆಂಬ ನಿಲುವಿಗೆ ಬಂದಿದ್ದ. ವೀಕ್ಷಣೆಯ ವರದಿಯನ್ನೂ ತಿದ್ದಬಹುದು ಎಂದು ಅದೇ ಬಳಗದ ಓಟೊ ನ್ಯೂರಾತ್ ವಾದಿಸಿದರೆ, ಜ್ಞಾನಕ್ಕೆ ಅಲುಗಾಡದ ಬುನಾದಿ ಬೇಕೆಂದು ಮೊರಿಟ್ಜ್ ಶ್ಲಿಕ್ ಪಟ್ಟುಹಿಡಿದಿದ್ದ. ಇಂಥ ಜಗಳಗಂಟ ಬಳಗವನ್ನು ಒಂದೇ ವಾಕ್ಯಕ್ಕೆ ಇಳಿಸಿ, ಆ ವಾಕ್ಯವನ್ನು ಕೆಡವಿ ಗೆದ್ದೆವೆನ್ನುವುದು ಅಗ್ಗದ ಗೆಲುವು.

ಇನ್ನು ‘ಸತ್ತುಹೋಯಿತು’ ಎಂಬ ಮಾತು. ಹಾಗೆನ್ನುವವರಿಗೆ ಒಂದು ಸಾವಿನ ವಿವರವಾದರೂ ಗೊತ್ತಿರಲಿ. ವಿಯೆನ್ನಾದಲ್ಲಿ ಗುರುವಾರದ ಸಂಜೆಗಳಂದು ಈ ಬಳಗವನ್ನು ಸೇರಿಸುತ್ತಿದ್ದ ಶ್ಲಿಕ್‌ನನ್ನು 1936ರ ಜೂನ್ 22ರಂದು ವಿಶ್ವವಿದ್ಯಾಲಯದ ಮೆಟ್ಟಿಲುಗಳ ಮೇಲೆ ಅವನ ಹಳೆಯ ವಿದ್ಯಾರ್ಥಿಯೇ ಗುಂಡಿಕ್ಕಿ ಕೊಂದ. ಕೊಲೆಗಾರ ಮಾನಸಿಕವಾಗಿ ಅಸ್ವಸ್ಥನಾಗಿದ್ದ. ಆದರೂ ಕೆಲವು ಪತ್ರಿಕೆಗಳು ಕೊಲೆಯಾದವನ ತತ್ವಜ್ಞಾನವನ್ನೇ ಕಟಕಟೆಯಲ್ಲಿ ನಿಲ್ಲಿಸಿದವು. ಯಹೂದಿಯೇ ಅಲ್ಲದ ಶ್ಲಿಕ್ ಯಹೂದಿ ದ್ವೇಷಕ್ಕೆ ಗುರಿಯಾದ. ಹತ್ತು ವರ್ಷದ ಶಿಕ್ಷೆಯಾಗಿದ್ದ ಕೊಲೆಗಾರ, ನಾಜಿಗಳು ಆಸ್ಟ್ರಿಯಾವನ್ನು ಸೇರಿಸಿಕೊಂಡ 1938ರಲ್ಲಿ ಬಿಡುಗಡೆಯಾಗಿ ಹೊರಬಂದ. ಅದಕ್ಕೂ ಮೊದಲೇ, 1934ರಲ್ಲಿ, ಬಳಗದ ಸಾರ್ವಜನಿಕ ಸಂಸ್ಥೆಯಾಗಿದ್ದ ಅರ್ನ್‌ಸ್ಟ್ ಮಾಖ್ ಸಂಘವನ್ನು ಸರ್ಕಾರ ಮುಚ್ಚಿಸಿತ್ತು. ಇದೇ ಪಂಥದ, ಬರ್ಲಿನ್ನಿನ ಹಾನ್ಸ್ ರೈಶೆನ್‌ಬಾಖ್ 1933ರಲ್ಲಿ ಕೆಲಸ ಕಳೆದುಕೊಂಡು ಇಸ್ತಾಂಬುಲ್‌ಗೆ ಹೋದ. ಪ್ರಾಗ್‌ನಲ್ಲಿದ್ದ ಕಾರ್ನಪ್ ಷಿಕಾಗೊ ಸೇರಿದ. ಊರು ಬಿಟ್ಟು ಓಡಿಸಿದ್ದನ್ನು ವಾದದಲ್ಲಿ ಸೋಲಿಸಿದಂತೆ ಹೇಳಬಾರದು.

ನನ್ನನ್ನು ಯಾರೂ ಕೇಳದ, ಕೇಳಿದರೆ ರಾತ್ರಿಯಿಡೀ ಮಾತನಾಡಬಲ್ಲ ಪ್ರಶ್ನೆ ಬೇರೊಂದಿದೆ: ತತ್ವಜ್ಞಾನಿಯೊಬ್ಬ ಬಾಡಿಗೆದಾರರಿಗಾಗಿ ಅಂಕಿಅಂಶಗಳ ಚಿತ್ರ ಬಿಡಿಸಲು ಏಕೆ ಕುಳಿತ? ಆ ಕಾಲದ ವಿಯೆನ್ನಾ ನಗರಸಭೆ ಕಾರ್ಮಿಕರಿಗೆ ಸಾವಿರಾರು ಮನೆಗಳನ್ನು ಕಟ್ಟಿಸುತ್ತಿತ್ತು, ಅದರ ನೆರವಿನಿಂದ ನ್ಯೂರಾತ್ 1925ರಲ್ಲಿ ಸಮಾಜ ಮತ್ತು ಅರ್ಥವ್ಯವಸ್ಥೆಯ ವಸ್ತುಸಂಗ್ರಹಾಲಯವನ್ನು ತೆರೆದ. ಮರೀ ರೈಡೆಮೈಸ್ಟರ್ ಅಂಕಿಗಳನ್ನು ಚಿತ್ರವಾಗುವಂತೆ ಅಣಿಗೊಳಿಸುತ್ತಿದ್ದಳು. ಗೆರ್ಡ್ ಆರ್ನ್ಟ್ಸ್ ಸಂಕೇತಗಳನ್ನು ರೂಪಿಸುತ್ತಿದ್ದ. ಅವರ ಮುಖ್ಯ ನಿಯಮ ಸರಳ: ಪ್ರಮಾಣ ಹೆಚ್ಚಿದರೆ ಚಿತ್ರವನ್ನು ದೊಡ್ಡದು ಮಾಡಬಾರದು, ಅದೇ ಗಾತ್ರದ ಚಿತ್ರಗಳ ಸಂಖ್ಯೆಯನ್ನು ಹೆಚ್ಚಿಸಬೇಕು. ಹಾಲಿನ ಉತ್ಪಾದನೆ ಇಮ್ಮಡಿಯಾಯಿತೆಂದು ಹಾಲಿನ ಕ್ಯಾನನ್ನು ಇಮ್ಮಡಿ ಎತ್ತರ, ಇಮ್ಮಡಿ ಅಗಲವಾಗಿ ಬರೆದರೆ ಅದು ಹಾಳೆಯ ಮೇಲೆ ನಾಲ್ಕು ಪಟ್ಟು ಜಾಗ ಹಿಡಿದು ಓದುಗನ ಕಣ್ಣಿಗೆ ಮಣ್ಣೆರಚುತ್ತದೆ. ಎರಡು ಕ್ಯಾನ್ ಬರೆದರೆ ಯಾರು ಬೇಕಾದರೂ ಎಣಿಸಿ ನೋಡಬಹುದು. ಹೇಳಿಕೆಯನ್ನು ಪರಿಶೀಲಿಸುವ ಅಧಿಕಾರ ಪಂಡಿತನಿಗಷ್ಟೇ ಅಲ್ಲ, ಬಾಡಿಗೆದಾರನಿಗೂ ಸೇರಿದ್ದು ಎಂಬ ನಿಲುವಿಗೂ, ಗುರುವಾರದ ಸಂಜೆಗಳಲ್ಲಿ ನಡೆಯುತ್ತಿದ್ದ ಒಣ ತರ್ಕದ ಚರ್ಚೆಗೂ ನಂಟಿದೆ ಎಂದೇ ನನ್ನ ವಾದ. ಬಜೆಟ್ ಮರುದಿನ ನಮ್ಮ ಪತ್ರಿಕೆಗಳಲ್ಲಿ ಊದಿಕೊಂಡ ರೂಪಾಯಿ ನಾಣ್ಯಗಳನ್ನು ಕಂಡಾಗಲೆಲ್ಲ, ಸತ್ತದ್ದು ಯಾವುದು ಎಂದು ನಾನೇ ಎದುರು ಪ್ರಶ್ನೆ ಹಾಕಬೇಕೆನಿಸುತ್ತದೆ.